ಹಸಿದವರು 67 ಕೋಟಿಯೋ, 230 ಕೋಟಿಯೋ, 29 ಕೋಟಿಯೋ? ಯಾವ ಅಂಕಿ ಯಾವುದಕ್ಕೆ?

ಕಡ್ಲೆಪುರಿ:

ಪದವಿ ವಿದ್ಯಾರ್ಥಿಗಳಿಗೆ ಜಗತ್ತಿನ ಹಸಿವಿನ ಬಗ್ಗೆ ಎರಡು ಪುಟದ ಟಿಪ್ಪಣಿ ಆಗಬೇಕಿದೆ. ವರದಿಗಳನ್ನು ಹರವಿಕೊಂಡು ಕೂತರೆ ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮೊದಲನೆಯದು, 2024ರಲ್ಲಿ ಹಸಿದವರು 67.3 ಕೋಟಿ ಅನ್ನುತ್ತದೆ ವಿಶ್ವಸಂಸ್ಥೆಯ ಸೋಫಿ ವರದಿ (ಜಗತ್ತಿನ ಆಹಾರ ಭದ್ರತೆ ಮತ್ತು ಪೋಷಣೆಯ ಸ್ಥಿತಿಗತಿಯ ವಾರ್ಷಿಕ ವರದಿ). ಅದೇ ವರದಿಯ ಇನ್ನೊಂದು ಕಡೆ 230 ಕೋಟಿ. ಬೇರೆ ವರದಿಯಲ್ಲಿ 29.5 ಕೋಟಿ. ಇದರಲ್ಲಿ ಹಸಿವು ಯಾವುದು? 29.5 ಕೋಟಿ 67.3 ಕೋಟಿಯ ಒಳಗೇ ಸೇರುತ್ತದೋ, ಹೊರಗೋ?

ಎರಡನೆಯದು, ಹಿಂದಿನ ವರ್ಷದ ವರದಿಯಲ್ಲಿ 73.3 ಕೋಟಿ ಇತ್ತು. ಒಂದೇ ವರ್ಷದಲ್ಲಿ 6 ಕೋಟಿ ಜನ ಹಸಿವಿನಿಂದ ಪಾರಾದರು ಅಂತ ಬರೆಯಬಹುದಾ?

ಮೂರನೆಯದು ನಿಮಗೇ ಗೊತ್ತು: ಜಾಗತಿಕ ಹಸಿವು ಸೂಚ್ಯಂಕದಲ್ಲಿ ಭಾರತದ ಸ್ಥಾನ. ಪ್ರತಿ ಅಕ್ಟೋಬರಿನಲ್ಲೂ ಅದೇ ಜಗಳ.

ನಾಲ್ಕನೆಯದು, ಇಷ್ಟು ಕೋಟಿ ಜನ ಹಸಿದಿದ್ದರೂ 'ಕ್ಷಾಮ' ಅಂತ ಘೋಷಣೆಯಾಗುವುದು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ. ಯಾಕೆ?

ಕೊನೆಯದು ಸ್ವಲ್ಪ ದಡ್ಡ ಪ್ರಶ್ನೆ ಅನ್ನಿಸಬಹುದು. ತೀವ್ರ ಅಪೌಷ್ಟಿಕತೆಯ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಊಟ ಹಾಕಬಾರದು ಅಂತ ಎಲ್ಲೋ ಓದಿದೆ. ಹಸಿದ ಮಗುವಿಗೆ ಊಟ ಹಾಕಬಾರದೇ?

---

ಎಣಿಕೆಮನೆ:

ಮೊದಲ ಎರಡು ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೂರೂ ಅಂಕಿ ಸರಿಯೇ, ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರ. ಪತ್ರಿಕೆಗಳು ಮೂರಕ್ಕೂ 'ಹಸಿವು' ಎಂಬ ಒಂದೇ ಪದ ಹಾಕುವುದರಿಂದ ಗೋಜಲಾಗಿದೆ.

67.3 ಕೋಟಿ ಯಾರನ್ನೂ 'ಹಸಿದಿದ್ದೀರಾ' ಎಂದು ಕೇಳದೆ, ಯಾರ ತಟ್ಟೆಯನ್ನೂ ನೋಡದೆ ತೆಗೆದ ಲೆಕ್ಕ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಪ್ರತಿ ದೇಶಕ್ಕೂ ಆಹಾರದ ತಖ್ತೆ ಇಟ್ಟಿರುತ್ತದೆ. ಬೆಳೆದದ್ದಕ್ಕೆ ಆಮದು ಕೂಡಿಸಿ, ರಫ್ತು, ಬಿತ್ತನೆ, ದನಕೋಳಿಯ ಮೇವು, ಹಾಳಾದದ್ದು ಎಲ್ಲ ಕಳೆದು, ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ದಿನಕ್ಕೆ ಎಷ್ಟು ಕ್ಯಾಲರಿ ಸಿಗುತ್ತದೆ ಎಂಬ ಸರಾಸರಿ ಬರುತ್ತದೆ. ಆದರೆ ಸರಾಸರಿಯನ್ನು ಯಾರೂ ಉಣ್ಣುವುದಿಲ್ಲ. ಹಾಗಾಗಿ ಮನೆಖರ್ಚಿನ ಸಮೀಕ್ಷೆಗಳಿಂದ ಆ ಕ್ಯಾಲರಿ ಜನರ ನಡುವೆ ಎಷ್ಟು ಏರುಪೇರಾಗಿ ಹಂಚಿಹೋಗಿದೆ ಎಂದು ಅಂದಾಜು ಮಾಡುತ್ತಾರೆ. ಆಮೇಲೆ ಒಂದು ಗೆರೆ ಎಳೆಯುತ್ತಾರೆ: ವಯಸ್ಸು, ಲಿಂಗ, ಎತ್ತರ ನೋಡಿ, ಹಗುರ ಕೆಲಸದ ಬದುಕಿಗೆ ಬೇಕಾದ ಕನಿಷ್ಠ ಶಕ್ತಿ. ಮಕ್ಕಳು ಮುದುಕರೆಲ್ಲ ಸೇರಿದ ಸರಾಸರಿಯಾದ್ದರಿಂದ ಅದು ಸುಮಾರು 1,800 ಕಿಲೋಕ್ಯಾಲರಿ ಆಸುಪಾಸಿಗೆ ನಿಲ್ಲುತ್ತದೆ. ಗೆರೆಯ ಕೆಳಗೆ ಬೀಳುವ ಪಾಲೇ 'ನ್ಯೂನಪೋಷಣೆಯ ಪ್ರಮಾಣ'. 2024ಕ್ಕೆ ಜಗತ್ತಿನ ಶೇ 8.2.

'ಹಗುರ ಕೆಲಸ' ಎಂಬುದನ್ನು ಅಡಿಗೆರೆ ಹಾಕಿ ಓದಿ. ಕಲ್ಲು ಹೊರುವವನು 2,000 ಕ್ಯಾಲರಿ ಉಂಡು ದಿನವೂ ಸೊರಗುತ್ತಿದ್ದರೂ ಈ ಲೆಕ್ಕದಲ್ಲಿ ಅವನು ಹಸಿದವನಲ್ಲ. ಕಬ್ಬಿಣ, ಸತು, ಎ ಜೀವಸತ್ವದ ಕೊರತೆಯೂ ಇದರ ಕಣ್ಣಿಗೆ ಬೀಳುವುದಿಲ್ಲ. ದೇಶವಾರು ಅಂಕಿಯನ್ನು ಮೂರು ವರ್ಷದ ಸರಾಸರಿಯಾಗಿ ಕೊಡುವುದರಿಂದ ಮೂರು ತಿಂಗಳಲ್ಲಿ ಮುಗಿದುಹೋಗುವ ಅನಾಹುತವೂ ಕಾಣುವುದಿಲ್ಲ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಹಸಿವಿನ ಅಳತೆ.

230 ಕೋಟಿ ಜನರನ್ನೇ ಕೇಳಿ ತೆಗೆದದ್ದು. ಎಂಟು ಪ್ರಶ್ನೆ, ಕಳೆದ 12 ತಿಂಗಳಿಗೆ ಸಂಬಂಧಿಸಿದ್ದು, ಹೌದು ಅಥವಾ ಇಲ್ಲ. ದುಡ್ಡಿಲ್ಲದೆ ಅಥವಾ ಬೇರೆ ಅನುಕೂಲವಿಲ್ಲದೆ ಊಟದ ಚಿಂತೆ ಆಗಿತ್ತೇ? ಒಳ್ಳೆಯ ಆಹಾರ ತಿನ್ನಲಾಗಲಿಲ್ಲವೇ? ಒಂದೆರಡು ಬಗೆಯಲ್ಲೇ ಕಾಲ ಹಾಕಿದಿರಾ? ಹೊತ್ತಿನ ಊಟ ಬಿಟ್ಟಿರಾ? ಬೇಕಾದಷ್ಟು ತಿನ್ನಲಿಲ್ಲವೇ? ಮನೆಯಲ್ಲಿ ದಿನಸಿ ಮುಗಿದಿತ್ತೇ? ಹಸಿವಾದರೂ ಉಣ್ಣಲಿಲ್ಲವೇ? ಇಡೀ ದಿನ ಉಪವಾಸವಿದ್ದಿರಾ? ಮೊದಲ ಪ್ರಶ್ನೆಗಳಿಗೆ 'ಹೌದು' ಅನ್ನುವವರು ಬಹಳ, ಕೊನೆಯದಕ್ಕೆ ಕೆಲವೇ ಮಂದಿ. ಉತ್ತರಗಳ ವಿನ್ಯಾಸ ನೋಡಿ ಸಾಧಾರಣ, ತೀವ್ರ ಎಂದು ವಿಂಗಡಿಸುತ್ತಾರೆ. ಎರಡೂ ಸೇರಿ ಜಗತ್ತಿನ ಶೇ 28. ಹಾಗಾಗಿ ಇದರ ಸರಿಯಾದ ಹೆಸರು 'ಆಹಾರದ ಅಭದ್ರತೆ'. 230 ಕೋಟಿಯಲ್ಲಿ ಬಹುಪಾಲು ಜನ ಇವತ್ತು ರಾತ್ರಿ ಏನೋ ಒಂದು ತಿಂದೇ ಮಲಗುತ್ತಾರೆ. ಆದರೆ ತರಕಾರಿ ಬಿಟ್ಟು, ಬೇಳೆ ನೀರಾಗಿಸಿ, ನಾಳೆ ಹೇಗೋ ಎಂದುಕೊಂಡು.

29.5 ಕೋಟಿ 'ಆಹಾರ ಬಿಕ್ಕಟ್ಟುಗಳ ಜಾಗತಿಕ ವರದಿ'ಯದು. ಅದು ನೋಡುವುದೇ 53 ದೇಶ ಮತ್ತು ಪ್ರದೇಶಗಳನ್ನು. ಅಲ್ಲಿ ಐಪಿಸಿ (ಆಹಾರ ಭದ್ರತೆಯ ಹಂತಗಳ ಸಮಗ್ರ ವರ್ಗೀಕರಣ) ಎಂಬ ಐದು ಹಂತದ ಮಾಪಕದಲ್ಲಿ 3ನೇ ಹಂತ ಮತ್ತು ಮೇಲಿರುವವರು, ಅಂದರೆ ಈಗಲೇ ನೆರವು ಬೇಕಾದವರು. ಕಾರಣವಾರು ನೋಡಿದರೆ 2024ರಲ್ಲಿ ಯುದ್ಧ-ಸಂಘರ್ಷವೇ ಮುಖ್ಯವಾದ 20 ದೇಶಗಳಲ್ಲಿ ಸುಮಾರು 14 ಕೋಟಿ, ಹವಾಮಾನದ ವೈಪರೀತ್ಯದ 18 ದೇಶಗಳಲ್ಲಿ 9.6 ಕೋಟಿ, ಬೆಲೆ-ಆದಾಯದ ಕುಸಿತದ 15 ದೇಶಗಳಲ್ಲಿ 5.9 ಕೋಟಿ. ಭಾರತ ಈ ಪಟ್ಟಿಯಲ್ಲಿಲ್ಲ. ಇಲ್ಲಿ ಹಸಿವಿಲ್ಲ ಎಂದು ಅದರರ್ಥವಲ್ಲ, ತುರ್ತು ಬಿಕ್ಕಟ್ಟಿನ ದೇಶಗಳ ಎಣಿಕೆಗೆ ಅದು ಬರುವುದಿಲ್ಲ ಅಷ್ಟೇ.

ಒಳಗೋ ಹೊರಗೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಕೂಡಬೇಡಿ, ಕಳೆಯಬೇಡಿ. ಜ್ವರದ ಡಿಗ್ರಿಯಿಂದ ರಕ್ತದೊತ್ತಡ ಕಳೆದ ಹಾಗಾಗುತ್ತದೆ.

ಇನ್ನು 73.3ರಿಂದ 67.3. ದಯವಿಟ್ಟು ಹಾಗೆ ಬರೆಯಬೇಡಿ. ಹೊಸ ಸಮೀಕ್ಷೆ, ಹೊಸ ಜನಸಂಖ್ಯೆಯ ಅಂದಾಜು ಬಂದಾಗಲೆಲ್ಲ ಹಳೆಯ ವರ್ಷಗಳ ಸರಣಿಯನ್ನೂ ತಿದ್ದುತ್ತಾರೆ. 2024ರ ಆವೃತ್ತಿಯಲ್ಲಿ 2023ನೇ ವರ್ಷಕ್ಕೆ 73.3 ಕೋಟಿ ಇದ್ದದ್ದು, 2025ರ ಆವೃತ್ತಿಯಲ್ಲಿ ಅದೇ 2023ಕ್ಕೆ ಸುಮಾರು 68.8 ಕೋಟಿ ಆಯಿತು. ಅಂದರೆ ನಿಜವಾದ ಇಳಿಕೆ ಸುಮಾರು 1.5 ಕೋಟಿ. ಉಳಿದ ನಾಲ್ಕೂವರೆ ಕೋಟಿ ಜನರನ್ನು ಹಸಿವಿನಿಂದ ಪಾರು ಮಾಡಿದ್ದು ಪರಿಷ್ಕರಣೆ! ಭಾರತದ ಅಂದಾಜಿಗೆ 2022-23ರ ಮನೆಖರ್ಚಿನ ಸಮೀಕ್ಷೆಯ ಹೊಸ ದತ್ತಾಂಶ ಸೇರಿಸಿದ್ದು ಈ ಪರಿಷ್ಕರಣೆಯ ಒಂದು ಭಾಗ. ನಿಯಮ ಸರಳ: ವರ್ಷಗಳನ್ನು ಹೋಲಿಸುವುದಾದರೆ ಎರಡೂ ಅಂಕಿ ಒಂದೇ ಆವೃತ್ತಿಯವಾಗಿರಬೇಕು. 67.3 ಎಂಬುದೂ 63.8ರಿಂದ 72 ಕೋಟಿವರೆಗಿನ ಹರವಿನ ನಡುಬಿಂದು ಎಂಬುದನ್ನು ಬಿಡಬೇಡಿ.

ಮತ್ತೊಂದು, ಜಗತ್ತಿನ ಒಟ್ಟು ಇಳಿಯುತ್ತಿದ್ದರೂ ಆಫ್ರಿಕದಲ್ಲಿ ಏರುತ್ತಿದೆ. ಅಲ್ಲಿ 30.7 ಕೋಟಿ, ಜನಸಂಖ್ಯೆಯ ಐದನೇ ಒಂದು ಪಾಲಿಗಿಂತ ಹೆಚ್ಚು. ಏಷ್ಯಾದಲ್ಲಿ 32.3 ಕೋಟಿ, ಶೇ 6.7. ಒಟ್ಟು ಮೊತ್ತವೊಂದನ್ನೇ ಕೊಟ್ಟರೆ ಇದು ಮುಚ್ಚಿಹೋಗುತ್ತದೆ.

---

ಹಳೇಪಟ್ಟಿ:

ಮೂರನೆಯದಕ್ಕೆ ಚಿಕ್ಕದಾಗಿ. ಹಸಿವು ಸೂಚ್ಯಂಕದಲ್ಲಿ ನಾಲ್ಕು ಸಾಮಗ್ರಿ: ಮೇಲೆ ಹೇಳಿದ ನ್ಯೂನಪೋಷಣೆ ಮೂರನೇ ಒಂದು ಪಾಲು, ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದು, ಕುಂಠಿತ ಬೆಳವಣಿಗೆ ಆರನೇ ಒಂದು, ಕೃಶತೆ ಆರನೇ ಒಂದು. 2025ರಲ್ಲಿ ಭಾರತದ ಅಂಕ 25.8, 123 ದೇಶಗಳಲ್ಲಿ 102ನೇ ಸ್ಥಾನ. 20ರಿಂದ 34.9ರವರೆಗೆ 'ಗಂಭೀರ' ವರ್ಗ.

ನಾಲ್ಕರಲ್ಲಿ ಮೂರು ಮಕ್ಕಳವು, ಇದನ್ನು ಇಡೀ ದೇಶದ ಹಸಿವು ಅನ್ನುವುದು ಹೇಗೆ ಎಂಬುದು ಸರ್ಕಾರದ ಆಕ್ಷೇಪ. ಹೆಸರಿನ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿದೆ. ಸ್ಥಾನ ಸಂಖ್ಯೆಗಂತೂ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಪಟ್ಟಿಯಲ್ಲಿರುವ ದೇಶಗಳ ಸಂಖ್ಯೆಯೇ ವರ್ಷವರ್ಷ ಬದಲಾಗುತ್ತದೆ, 2024ರಲ್ಲಿ 127 ಇದ್ದವು. ಆದರೆ ಸೂಚ್ಯಂಕ ಸರಿಯಿಲ್ಲ ಅಂದಮಾತ್ರಕ್ಕೆ ಮಕ್ಕಳು ದಪ್ಪಗಾಗುವುದಿಲ್ಲ. ಸರ್ಕಾರದ್ದೇ ಆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ತೆಗೆದು ನೋಡಿ: ಐದು ವರ್ಷದೊಳಗಿನವರಲ್ಲಿ ಕುಂಠಿತ ಬೆಳವಣಿಗೆ ಶೇ 35.5, ಕೃಶತೆ ಶೇ 19.3. ಕರ್ನಾಟಕದ್ದು ಶೇ 35.4 ಮತ್ತು 19.5. ಕೃಶತೆ ಶೇ 15 ದಾಟಿದರೆ, ಕುಂಠಿತ ಬೆಳವಣಿಗೆ ಶೇ 30 ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ 'ಅತಿ ಹೆಚ್ಚು'. ಟಿಪ್ಪಣಿಯಲ್ಲಿ 102 ಬಿಟ್ಟು ಇವನ್ನೇ ಹಾಕಿ. ಐದು ನಿಮಿಷ ಜಗಳ ಕಡಿಮೆಯಾಗುತ್ತದೆ.

ಪದಗಳಲ್ಲಿ ಜಾಗ್ರತೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಕುಂಠಿತ ಬೆಳವಣಿಗೆ, ವರ್ಷಗಳ ಕೊರತೆಯ ಗುರುತು. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಕೃಶತೆ, ಈಚಿನ ವಾರಗಳ ಕೊರತೆ ಅಥವಾ ಕಾಯಿಲೆಯ ಗುರುತು. ವಯಸ್ಸಿಗೆ ತಕ್ಕ ತೂಕ ಇಲ್ಲದ್ದು ಎರಡನ್ನೂ ಕಲಸಿದ ಅಳತೆ. ಮೂರಕ್ಕೂ 'ಅಪೌಷ್ಟಿಕತೆ' ಎಂದು ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ.

---

ತುಂಗೆದಂಡೆ:

ಕ್ಷಾಮದ ಬಗ್ಗೆ. ಬರ ಬೇರೆ, ಕ್ಷಾಮ ಬೇರೆ. ಬರ ಮಳೆಯ ವಿಷಯ, ಕ್ಷಾಮ ಸಾವಿನ ವಿಷಯ. ಐಪಿಸಿ ಮಾಪಕ 2004ರಲ್ಲಿ ಸೊಮಾಲಿಯಕ್ಕಾಗಿ ರೂಪುಗೊಂಡದ್ದು. ಅದರಲ್ಲಿ ಒಂದು ಪ್ರದೇಶವನ್ನು 5ನೇ ಹಂತ ಅಂದರೆ ಕ್ಷಾಮ ಅನ್ನಲು ಮೂರು ಗೆರೆಗಳನ್ನು ದಾಟಿರಬೇಕು:

– ಕನಿಷ್ಠ ಶೇ 20 ಮನೆಗಳಲ್ಲಿ ಆಹಾರ ಹೆಚ್ಚುಕಡಿಮೆ ಪೂರ್ತಿ ಇಲ್ಲವಾಗಿರಬೇಕು.
– 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 30 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಕೃಶರಾಗಿರಬೇಕು. ತೋಳಿನ ಸುತ್ತಳತೆ ಮಾತ್ರ ಸಿಕ್ಕರೆ ಶೇ 15.
– ದಿನಕ್ಕೆ 10,000 ಜನರಲ್ಲಿ 2 ಸಾವು.

'10,000ಕ್ಕೆ 2' ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಗುಣಿಸಿ: ಸಾವಿರಕ್ಕೆ 73. ಭಾರತದ ಸಾಮಾನ್ಯ ಮರಣ ಪ್ರಮಾಣ ಸಾವಿರಕ್ಕೆ ಆರೇಳು. ಒಂದು ಲಕ್ಷ ಜನರಿರುವ ಊರಿನಲ್ಲಿ ದಿನವೂ 20 ಹೆಣ ಏಳಬೇಕು, ಆಗ ಆ ಗೆರೆ ದಾಟುತ್ತದೆ. 'ಘೋಷಣೆ ಯಾಕಾಗಲಿಲ್ಲ' ಎಂದು ಕೇಳುವವರು ಈ ಗುಣಾಕಾರ ಮಾಡಿ ನೋಡಬೇಕು. 4ನೇ ಹಂತದಲ್ಲೇ ಮಕ್ಕಳು ಸಾಯುತ್ತಿರುತ್ತಾರೆ.

ತಡವಾಗುವುದಕ್ಕೆ ದೊಡ್ಡ ಕಾರಣ, ಮೂರೂ ಸಾಕ್ಷ್ಯ ಒಟ್ಟಿಗೆ ಸಿಗುವುದಿಲ್ಲ. ಸಾವು ಎಣಿಸಲು ಮನೆಮನೆಗೆ ಹೋಗಿ, ಕಳೆದ ಮೂರು ತಿಂಗಳಲ್ಲಿ ಯಾರು ಹೋದರು ಎಂದು ಕೇಳಬೇಕು. ಗುಂಡು ಹಾರುವ ಕಡೆ ಇದು ಆಗದು. ಇಡೀ ಸಂಸಾರವೇ ಅಳಿದ ಮನೆಯಲ್ಲಿ ಉತ್ತರ ಹೇಳಲು ಯಾರೂ ಇರುವುದಿಲ್ಲ, ಆ ಸಾವುಗಳು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಮೂರರಲ್ಲಿ ಎರಡಕ್ಕೆ ಮಾತ್ರ ನೇರ ಸಾಕ್ಷ್ಯವಿದ್ದು ಮೂರನೆಯದನ್ನು ಸುತ್ತಲಿನ ಪುರಾವೆಯಿಂದ ಅಂದಾಜಿಸಿದಾಗ 'ಸಮಂಜಸ ಸಾಕ್ಷ್ಯವುಳ್ಳ ಕ್ಷಾಮ' ಅನ್ನುವ ವರ್ಗ ಇಟ್ಟುಕೊಂಡಿದ್ದಾರೆ.

ದಾಖಲಾದವು: 2011ರ ಜುಲೈಯಲ್ಲಿ ದಕ್ಷಿಣ ಸೊಮಾಲಿಯ, 2017ರಲ್ಲಿ ದಕ್ಷಿಣ ಸುಡಾನಿನ ಯೂನಿಟಿ ರಾಜ್ಯದ ಭಾಗಗಳು, 2024ರ ಆಗಸ್ಟಿನಲ್ಲಿ ಸುಡಾನಿನ ಉತ್ತರ ದಾರ್ಫುರದ ಜಮ್‌ಜಮ್ ಶಿಬಿರ, ಅಲ್ಲಿಂದ ಡಿಸೆಂಬರಿಗೆ ಇನ್ನಷ್ಟು ಕಡೆ, 2025ರ ಆಗಸ್ಟ್ 22ರಂದು ಗಾಜಾ ಆಡಳಿತ ಪ್ರದೇಶ, ಅದೇ ವರ್ಷದ ನವೆಂಬರಿನಲ್ಲಿ ಸುಡಾನಿನ ಎಲ್ ಫಾಶರ್ ಮತ್ತು ಕಾದುಗ್ಲಿ. ಸೊಮಾಲಿಯದಲ್ಲಿ 2010ರ ಅಕ್ಟೋಬರಿನಿಂದ 2012ರ ಏಪ್ರಿಲ್‌ವರೆಗೆ ಸುಮಾರು 2.58 ಲಕ್ಷ ಜನ ಸತ್ತರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳೆಂದೂ ಆಮೇಲೆ ಅಂದಾಜಾಯಿತು. ಆ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಘೋಷಣೆಗೆ ಮುಂಚೆಯೇ ಆಗಿಹೋಗಿದ್ದವು.

ಇನ್ನೊಂದು ತೊಡಕು ರಾಜಕೀಯ. ಐಪಿಸಿಯ ವಿಶ್ಲೇಷಣೆ ಸಾಮಾನ್ಯವಾಗಿ ಆಯಾ ದೇಶದ ಸರ್ಕಾರವೂ ಸೇರಿ ಕೂತು ಮಾಡುವ ಕೆಲಸ. ತನ್ನ ನೆಲದಲ್ಲಿ ಕ್ಷಾಮವಿದೆ ಎಂದು ಸಹಿ ಹಾಕಲು ಯಾರಿಗೆ ಮನಸ್ಸಾಗುತ್ತದೆ? ಸುಡಾನ್ ಸರ್ಕಾರ 2024ರ ಡಿಸೆಂಬರಿನಲ್ಲಿ ಐಪಿಸಿಯಿಂದಲೇ ಹೊರನಡೆಯಿತು.

ಈ ಹಂತ ಹಂತದ ಯೋಚನೆ ಹೊಸತಲ್ಲ ಎಂಬುದು ನಮ್ಮ ಕಡೆಯವರಿಗೆ ಗೊತ್ತಿರಲಿ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ, ಬಳ್ಳಾರಿ ಸೀಮೆ ಎಲ್ಲ ನೆಲಕಚ್ಚಿದವು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಬಂದಿತ್ತು. ಆ ಅನಾಹುತದ ಮೇಲೆ 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಧಾನ್ಯದ ಬೆಲೆ, ಜನರ ಗುಳೆ, ಪರೀಕ್ಷಾರ್ಥ ಕಾಮಗಾರಿಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ನೋಡಿ ಅಭಾವ, ಕ್ಷಾಮ ಎಂದು ಹಂತ ಗೊತ್ತುಮಾಡುವ ಕ್ರಮ ಅಲ್ಲಿಯೇ ಇತ್ತು. ಸಂಹಿತೆ ಇದ್ದೂ 1943ರಲ್ಲಿ ಬಂಗಾಳದಲ್ಲಿ ಕ್ಷಾಮವೆಂದು ಘೋಷಿಸಲಿಲ್ಲ. ಘೋಷಿಸಿದರೆ ಸಂಹಿತೆಯ ಪ್ರಕಾರ ಪರಿಹಾರ ಕೊಡಬೇಕಾಗುತ್ತಿತ್ತು.

---

ಕಡ್ಲೆಪುರಿ:

ಬಹಳ ಉಪಕಾರವಾಯಿತು. ಒಂದು ಉಪಪ್ರಶ್ನೆ. ತೂಕ-ಎತ್ತರದಲ್ಲಿ ಶೇ 30, ತೋಳಿನ ಅಳತೆಯಲ್ಲಿ ಶೇ 15. ಒಂದೇ ಕಾಯಿಲೆಗೆ ಎರಡು ಗೆರೆ ಹೇಗೆ? ಗಾಜಾದಲ್ಲಿ 'ಮಾನದಂಡ ಇಳಿಸಿದರು' ಎಂದು ಕೆಲವರು ಬರೆದಿದ್ದರು.

---

ತಕ್ಕಡಿ:

ಇಳಿಸಲಿಲ್ಲ. ತೋಳಿನ ಶೇ 15ರ ಗೆರೆ ಐಪಿಸಿಯ ಕೈಪಿಡಿಯಲ್ಲಿ ಮೊದಲೇ ಇತ್ತು. ಎತ್ತರ ಅಳೆಯುವ ಹಲಗೆ, ತೂಕದ ಯಂತ್ರ ಹೊತ್ತು ಮನೆಮನೆ ತಿರುಗಲಾಗದ ಕಡೆ ತೋಳಿಗೆ ಸುತ್ತಿ ಅಳೆಯುವ ಪಟ್ಟಿಯೊಂದೇ ಗತಿ. 2025ರ ಜುಲೈಯಲ್ಲಿ ಗಾಜಾ ನಗರದ ಅಳತೆ ಶೇ 16.5 ಬಂದಿತ್ತು.

ಎರಡು ಗೆರೆ ಯಾಕೆಂದರೆ ಎರಡು ಅಳತೆ ಒಂದೇ ಮಕ್ಕಳನ್ನು ಹಿಡಿಯುವುದಿಲ್ಲ. ತೋಳಿನ ಸುತ್ತಳತೆ ಚಿಕ್ಕ ಮಕ್ಕಳನ್ನು, ಹೆಣ್ಣುಮಕ್ಕಳನ್ನು ಹೆಚ್ಚು ಹಿಡಿಯುತ್ತದೆ. ತೂಕ-ಎತ್ತರದ ಲೆಕ್ಕ ಉದ್ದ ಕಾಲಿನ ಮೈಕಟ್ಟಿನವರನ್ನು ಹೆಚ್ಚು ಹಿಡಿಯುತ್ತದೆ, ಸೊಮಾಲಿಯ, ದಕ್ಷಿಣ ಸುಡಾನಿನ ಪಶುಪಾಲಕರ ಮಕ್ಕಳ ಹಾಗೆ. ಒಂದೇ ಊರಿನಲ್ಲಿ ಎರಡರಿಂದಲೂ ಅಳೆದರೆ ಬರುವ ಶೇಕಡಾವಾರು ಬೇರೆಯೇ.

ಒಂದು ಮಗುವಿನ ಮಟ್ಟಿಗೆ (6ರಿಂದ 59 ತಿಂಗಳು): ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ, ಅಥವಾ ಎತ್ತರಕ್ಕೆ ತಕ್ಕ ತೂಕ ಮೈನಸ್ 3 ಎಸ್‌ಡಿಗಿಂತ ಕೆಳಗೆ (ಎಸ್‌ಡಿ ಅಂದರೆ ಪ್ರಮಾಣಿತ ವಿಚಲನೆ, ಸರಾಸರಿಯಿಂದ ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ), ಅಥವಾ ಎರಡೂ ಪಾದದಲ್ಲಿ ಗುಳಿ ಬೀಳುವ ಊತ, ಇವುಗಳಲ್ಲಿ ಯಾವುದೊಂದಿದ್ದರೂ 'ಸ್ಯಾಮ್', ತೀವ್ರ ಸ್ವರೂಪದ ಅಪೌಷ್ಟಿಕತೆ. 115ರಿಂದ 125ರ ಒಳಗಿದ್ದರೆ 'ಮ್ಯಾಮ್', ಸಾಧಾರಣ. ನಮ್ಮ ಅಂಗನವಾಡಿಗಳಲ್ಲಿ ಕಾಣುವ ಕೆಂಪು, ಹಳದಿ, ಹಸಿರು ಪಟ್ಟಿಯ ಬಣ್ಣ ಬದಲಾಗುವುದು ಈ ಅಂಕಿಗಳಲ್ಲೇ.

ಅಳೆಯುವ ಕ್ರಮ ಬರೆದುಕೊಳ್ಳಿ, ಇಲ್ಲೇ ಅರ್ಧ ದತ್ತಾಂಶ ಹಾಳಾಗುವುದು. ಎಡತೋಳು. ಮೊದಲು ಮೊಣಕೈ ಮಡಚಿಸಿ, ಭುಜದ ತುದಿಯ ಎಲುಬಿನಿಂದ ಮೊಣಕೈ ತುದಿಯವರೆಗೆ ಅಳೆದು ನಡುವೆ ಗುರುತು ಹಾಕಿ. ಕಣ್ಣಂದಾಜು ಬೇಡ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಡಿಸಿ, ಗುರುತಿನ ಮೇಲೆ ಪಟ್ಟಿ ಸುತ್ತಿ. ಚರ್ಮ ಒತ್ತಬಾರದು, ಪಟ್ಟಿಯ ಕೆಳಗೆ ಬೆಳಕೂ ಕಾಣಬಾರದು. ಕೈ ಮಡಚಿದ ಸ್ಥಿತಿಯಲ್ಲೇ ಸುತ್ತಿದರೆ ಸ್ನಾಯು ಉಬ್ಬಿ ಅಂಕಿ ಹೆಚ್ಚಾಗುತ್ತದೆ, ಕೆಂಪು ಮಗು ಹಳದಿಯಾಗುತ್ತದೆ. ಬಿಗಿಯಾಗಿ ಎಳೆದರೆ ತಿರುಗಾಮುರುಗಾ.

ಎತ್ತರ: ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ. ವಯಸ್ಸು ಗೊತ್ತಿಲ್ಲದಿದ್ದರೆ 87 ಸೆಂ.ಮೀ. ಗೆರೆ. ಮಲಗಿಸಿ ಅಳೆದದ್ದು ನಿಲ್ಲಿಸಿ ಅಳೆದದ್ದಕ್ಕಿಂತ 0.7 ಸೆಂ.ಮೀ. ಹೆಚ್ಚು ಬರುತ್ತದೆ, ಅದಲುಬದಲಾದರೆ ತಿದ್ದಬೇಕು. ಊತಕ್ಕೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಡಿ, ಗುಳಿ ಉಳಿಯಬೇಕು. ಒಂದೇ ಪಾದದಲ್ಲಿದ್ದರೆ ಅದು ಗಾಯವೋ ಸೋಂಕೋ. ಊತದ ಮಗುವಿನ ತೂಕವನ್ನು ನಂಬಬೇಡಿ, ತೂಗುವುದು ನೀರು.

ಇನ್ನೊಂದು ಮಾತು, ಅಂಕಿಅಂಶ ಓದುವವರಿಗೆ. ಅಳತೆಯ ತಪ್ಪುಗಳು ಆ ಕಡೆ ಈ ಕಡೆ ಸಮವಾಗಿ ಆಗಿ ಒಂದಕ್ಕೊಂದು ವಜಾ ಆಗುತ್ತವೆ ಎಂದು ತಿಳಿಯುತ್ತಾರೆ. ಸರಾಸರಿಗೆ ಅದು ನಿಜ. ಆದರೆ ಸ್ಯಾಮ್ ಎಂಬುದು ಹಂಚಿಕೆಯ ಬಾಲ, ಅಂದರೆ ಕೆಳತುದಿ. ತಪ್ಪು ಹೆಚ್ಚಾದಷ್ಟೂ ಹಂಚಿಕೆ ಅಗಲವಾಗಿ ಬಾಲ ದಪ್ಪವಾಗುತ್ತದೆ, ಇಲ್ಲದ ಸ್ಯಾಮ್ ಮಕ್ಕಳು ಕಾಗದದ ಮೇಲೆ ಹುಟ್ಟುತ್ತಾರೆ. ಅದಕ್ಕೇ ಸಮೀಕ್ಷೆಯಲ್ಲಿ ಎಸ್‌ಡಿ 0.8 ಮತ್ತು 1.2ರ ನಡುವೆ ಇದೆಯೇ ಎಂದು ಮೊದಲು ನೋಡುವುದು. 1.4 ಬಂದಿದ್ದರೆ ಶೇಕಡಾವಾರು ನೋಡುವ ಮೊದಲು ಎತ್ತರದ ಹಲಗೆ ಹಿಡಿದವರನ್ನು ನೋಡಿ.

---

ಬಿಳಿಕೋಟು:

ಕೊನೆಯ ಪ್ರಶ್ನೆ ದಡ್ಡದಲ್ಲ. ವೈದ್ಯರೂ ತಪ್ಪುವುದು ಅಲ್ಲೇ. (ಮುಂದಿನದು ಟಿಪ್ಪಣಿಗಾಗಿ, ತರಬೇತಾದ ಸಿಬ್ಬಂದಿಯಿರುವ ವಾರ್ಡಿನ ಕ್ರಮ. ಮನೆಯಲ್ಲಿ ಮಾಡುವುದಲ್ಲ.)

ದೀರ್ಘಕಾಲ ಉಪವಾಸ ಬಿದ್ದ ದೇಹ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡಿರುತ್ತದೆ. ಹೃದಯ, ಪಿತ್ತಜನಕಾಂಗ, ಮೂತ್ರಪಿಂಡ, ಕರುಳು ಎಲ್ಲ ನಿಧಾನ. ಕೋಶಗಳಿಂದ ಸೋಡಿಯಂ ಹೊರತಳ್ಳುವ ಪಂಪು ಮಂದವಾಗಿ, ಒಳಗೆ ಸೋಡಿಯಂ ತುಂಬಿರುತ್ತದೆ, ಪೊಟ್ಯಾಸಿಯಂ ಸೋರಿಹೋಗಿರುತ್ತದೆ. ಈಗ ಒಮ್ಮೆಗೇ ಹೊಟ್ಟೆ ತುಂಬ ಉಣಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕೋಶದೊಳಕ್ಕೆ ನುಗ್ಗುತ್ತವೆ. ಸೊರಗಿದ ಹೃದಯ ಆ ಹೊರೆ ತಾಳದು. ನಿನ್ನೆ ಉಂಡು ಚೇತರಿಸಿಕೊಂಡಂತೆ ಕಂಡ ಮಗು ಇವತ್ತು ಹೋಗುವುದು ಹೀಗೆ.

ಎಲ್ಲ ಸ್ಯಾಮ್ ಮಕ್ಕಳಿಗೂ ಆಸ್ಪತ್ರೆ ಬೇಡ. ಹಸಿವಿನ ಪರೀಕ್ಷೆ ಮಾಡುತ್ತಾರೆ: ಕೇಂದ್ರದಲ್ಲೇ ಸಿದ್ಧ ಚಿಕಿತ್ಸಕ ಆಹಾರ ಕೊಟ್ಟು ಮಗು ತಾನಾಗಿ ತಿನ್ನುತ್ತದೆಯೇ ನೋಡುವುದು. ತಿಂದರೆ, ಜ್ವರ, ನ್ಯುಮೋನಿಯ, ಹೆಚ್ಚಿನ ಊತದಂಥ ತೊಡಕಿಲ್ಲದಿದ್ದರೆ ಮನೆಯಲ್ಲೇ ಚಿಕಿತ್ಸೆ. ತಿನ್ನದಿದ್ದರೆ ದಾಖಲು. ಕರ್ನಾಟಕದಲ್ಲಿ ಅದಕ್ಕೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ, ಸಾಮಾನ್ಯವಾಗಿ 14 ದಿನ.

ವಾರ್ಡಿನಲ್ಲಿ ಮೊದಲ ಹಾಲು ಎಫ್-75, 100 ಮಿ.ಲೀ.ಗೆ 75 ಕಿಲೋಕ್ಯಾಲರಿ, ಪ್ರೋಟೀನು 0.9 ಗ್ರಾಂ ಮಾತ್ರ. ಕಿಲೋ ತೂಕಕ್ಕೆ ದಿನಕ್ಕೆ 130 ಮಿ.ಲೀ., ತೀವ್ರ ಊತವಿದ್ದರೆ 100. ಮಗು 6 ಕಿಲೋ ಅಂದುಕೊಳ್ಳಿ: ದಿನಕ್ಕೆ 780 ಮಿ.ಲೀ., ಎರಡು ಗಂಟೆಗೊಮ್ಮೆ 65. ರಾತ್ರಿಯೂ. ಬೆಳಗಿನ ಜಾವದ ಎರಡು ಸರದಿ ತಪ್ಪಿದರೆ ರಕ್ತದ ಸಕ್ಕರೆ ಕುಸಿಯುತ್ತದೆ (ಡೆಸಿಲೀಟರಿಗೆ 54 ಮಿ.ಗ್ರಾಂಗಿಂತ ಕೆಳಗೆ ಅಪಾಯ), ಮೈ ತಣ್ಣಗಾಗುತ್ತದೆ. ಅನೇಕ ಸಾವುಗಳ ಕಾರಣ ಔಷಧ ಇಲ್ಲದ್ದಲ್ಲ, ರಾತ್ರಿ ಪಾಳಿಯಲ್ಲಿ ಕೈ ಸಾಲದ್ದು.

ಪುಡಿಯ ಪೊಟ್ಟಣ ಇಲ್ಲದಾಗ ಅಡುಗೆಮನೆಯಲ್ಲಿ ಎಫ್-75: ಕೆನೆರಹಿತ ಹಾಲಿನ ಪುಡಿ 25 ಗ್ರಾಂ, ಸಕ್ಕರೆ 70 ಗ್ರಾಂ, ಧಾನ್ಯದ ಹಿಟ್ಟು 35 ಗ್ರಾಂ, ಎಣ್ಣೆ 27 ಗ್ರಾಂ, ಖನಿಜ ದ್ರಾವಣ 20 ಮಿ.ಲೀ., ಬೇಯಿಸಿ ಒಟ್ಟು 1,000 ಮಿ.ಲೀ. ಆಗುವಷ್ಟು ನೀರು. 'ಒಟ್ಟು' ಎಂಬುದು ಮುಖ್ಯ. ಸಾವಿರ ಮಿ.ಲೀ. ನೀರನ್ನೇ ಸುರಿದರೆ ಹಾಲು ತೆಳ್ಳಗಾಗಿ, ಮಗುವಿನ ತೂಕ ಏಕೆ ಏರುತ್ತಿಲ್ಲ ಎಂದು ವಾರಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಸಿವು ಮರಳಿ, ಊತ ಇಳಿಯತೊಡಗಿದ ಮೇಲೆ, ಸಾಮಾನ್ಯವಾಗಿ ಎರಡರಿಂದ ಏಳು ದಿನದಲ್ಲಿ, ಹೆಚ್ಚು ಕ್ಯಾಲರಿಯ ಎರಡನೇ ಹಾಲು ಎಫ್-100. ಎರಡು ದಿನ ಅಷ್ಟೇ ಪ್ರಮಾಣ, ಆಮೇಲೆ ಪ್ರತಿ ಸರದಿಗೂ 10 ಮಿ.ಲೀ. ಏರಿಸುತ್ತ, ಮಗು ಸ್ವಲ್ಪ ಉಳಿಸುವವರೆಗೆ. ನಾಡಿ ನಿಮಿಷಕ್ಕೆ 25, ಉಸಿರು 5 ಏರಿ ಹಾಗೇ ನಿಂತರೆ ಹೃದಯ ಸೋಲುತ್ತಿದೆ ಎಂದು ತಿಳಿದು ಪ್ರಮಾಣ ತಗ್ಗಿಸಬೇಕು. ಈ ಹಂತದಲ್ಲಿ ದಿನಕ್ಕೆ ಕಿಲೋಗೆ 10 ಗ್ರಾಂ ಏರಿದರೆ ಚೆನ್ನ, 5ಕ್ಕಿಂತ ಕಡಿಮೆಯಾದರೆ ಎಲ್ಲೋ ತಪ್ಪಿದೆ: ಅಡಗಿದ ಕ್ಷಯವೋ, ಸರದಿ ಬಿಟ್ಟುಹೋಗುತ್ತಿದೆಯೋ, ತಾಯಿ ತನ್ನ ಇನ್ನೊಂದು ಮಗುವಿಗೂ ಹಂಚುತ್ತಿದ್ದಾಳೋ.

ಮೂರು ಹಳೆಯ ತಪ್ಪುಗಳು ಇನ್ನೂ ನಡೆಯುತ್ತಿವೆ. ಊತಕ್ಕೆ ಮೂತ್ರ ಹೆಚ್ಚಿಸುವ ಔಷಧ: ಕೊಡಬಾರದು, ಊತ ಪೊಟ್ಯಾಸಿಯಂ-ಮೆಗ್ನೀಸಿಯಂ ಮತ್ತು ಎಚ್ಚರದ ಉಣಿಸಿನಿಂದ ಇಳಿಯುತ್ತದೆ. ರಕ್ತಹೀನತೆ ಕಂಡ ಕೂಡಲೇ ಕಬ್ಬಿಣ: ಮೊದಲ ವಾರ ಬೇಡ, ಸೋಂಕು ಕೆರಳುತ್ತದೆ. ಭೇದಿಗೆ ಡ್ರಿಪ್: ಆಘಾತದ ಸ್ಥಿತಿ ಇಲ್ಲದಿದ್ದರೆ ಬಾಯಿಯಿಂದಲೇ, ಅದೂ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಹೆಚ್ಚಿಸಿದ ರೆಸೊಮಾಲ್ ದ್ರಾವಣ, ಕಿಲೋಗೆ 5 ಮಿ.ಲೀ.ನಂತೆ ಅರ್ಧ ಗಂಟೆಗೊಮ್ಮೆ, ಮೊದಲ ಎರಡು ಗಂಟೆ. ಕಾಲರಾ ಆಗಿದ್ದರೆ ಮಾತ್ರ ಮಾಮೂಲಿ ಒಆರ್‌ಎಸ್.

ಮನೆ ಚಿಕಿತ್ಸೆಯ ಆಹಾರ: ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಖನಿಜ-ಜೀವಸತ್ವ. 92 ಗ್ರಾಂ ಪೊಟ್ಟಣಕ್ಕೆ 500 ಕಿಲೋಕ್ಯಾಲರಿ. 1990ರ ದಶಕದಲ್ಲಿ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ರೂಪಿಸಿದ್ದು. ಜಾಣತನ ಇರುವುದು ನೀರಿಲ್ಲದಿರುವುದರಲ್ಲಿ. ಎಫ್-100 ಕದಡಿಟ್ಟರೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಈ ಪೇಸ್ಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನೀರೇ ಇಲ್ಲ, ಬೇಯಿಸುವುದೂ ಬೇಡ, ಕೊಳಕು ನೀರಿನ ಊರಿನಲ್ಲೂ ನಡೆಯುತ್ತದೆ. 6 ಕಿಲೋ ಮಗುವಿಗೆ ದಿನಕ್ಕೆ ಸುಮಾರು ಎರಡು ಪೊಟ್ಟಣ, ಆರರಿಂದ ಎಂಟು ವಾರ, ಕುಡಿಯುವ ನೀರು ಪಕ್ಕದಲ್ಲಿರಬೇಕು. ತೋಳು 125 ಮಿ.ಮೀ. ಮುಟ್ಟಿ ಎರಡು ವಾರ ನಿಂತು, ಊತ ಮರಳದಿದ್ದರೆ ಬಿಡುಗಡೆ.

---

ಸೊಪ್ಪಿನಸಾರು:

ನಡುವೆ ಬಾಯಿ ಹಾಕುತ್ತೇನೆ. ಇದಕ್ಕೆಲ್ಲ ಹೊರದೇಶದ ಪೇಸ್ಟು ಏಕೆ, ನಮ್ಮ ರಾಗಿ ಸರಿ ಸಾಲದೇ? ಭಾರತ ಸರ್ಕಾರವೂ ಆ ಪೇಸ್ಟನ್ನು ಒಪ್ಪಿಲ್ಲವಲ್ಲ?

---

ಬಿಳಿಕೋಟು:

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಹಾಗೆ ಬರೆದದ್ದು ನಿಜ. ಅದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಸ್ಥಳೀಯ ಆಹಾರಕ್ಕೆ ನಾನು ವಿರೋಧಿಯಲ್ಲ, ಆದರೆ ಸ್ಯಾಮ್ ಮಗುವಿಗೂ ಸಾಮಾನ್ಯ ಮಗುವಿಗೂ ಒಂದೇ ಸಲಹೆ ಕೊಡಬಾರದು.

ತೊಡಕು ರಾಗಿಯದಲ್ಲ, ನೀರಿನದು. ಮಗುವಿನ ಹೊಟ್ಟೆಗೆ ಒಂದು ಹೊತ್ತಿಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಗ್ರಾಂ. 7 ಕಿಲೋ ಮಗುವಿಗೆ 200 ಮಿ.ಲೀ. ಕುಡಿಯುವ ಹದದ ಗಂಜಿಯಲ್ಲಿ ಮಿ.ಲೀ.ಗೆ ಅರ್ಧ ಕಿಲೋಕ್ಯಾಲರಿಯೂ ಕಷ್ಟ. ಅಂದರೆ ಹೊಟ್ಟೆ ತುಂಬಿತು, ಸಿಕ್ಕಿದ್ದು 100. ಹಿಟ್ಟು ಹೆಚ್ಚು ಹಾಕಿದರೆ ಅಂಟಂಟಾಗಿ ಮಗು ನುಂಗದು. ಇದರ ಜೊತೆಗೆ ಸ್ಯಾಮ್ ಮಗುವಿಗೆ ಬೇಕಾದ ಹಾಲಿನ ಪ್ರೋಟೀನು ರಾಗಿಯಲ್ಲಿಲ್ಲ. ಸತು, ಫಾಸ್ಫರಸ್ ಕೂಡ ಬೇಕಾದಷ್ಟು ಹೀರಿಕೆಯಾಗುವುದಿಲ್ಲ, ಧಾನ್ಯದಲ್ಲಿರುವ ಫೈಟೇಟ್ ಅಡ್ಡಿ ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರ ರಾಗಿಯಲ್ಲಿ ಧಾರಾಳ, 100 ಗ್ರಾಂಗೆ 364 ಮಿ.ಗ್ರಾಂ.

ಆರು ತಿಂಗಳು ದಾಟಿದ ಸಾಮಾನ್ಯ ಮಗುವಿಗೆ, ಇಲ್ಲವೇ ಚಿಕಿತ್ಸೆ ಮುಗಿಸಿ ಬಂದ ಮಗುವಿಗೆ ಮೊಳಕೆ ರಾಗಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಹೆಚ್ಚಿನ ಮನೆಗಳಲ್ಲಿ ಅದನ್ನು ಬಳಸುವ ರೀತಿ ತಪ್ಪು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವೇ ಅದರ ಬಂಡವಾಳ, ಅದು ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ಸಡಿಲ ಮಾಡುತ್ತದೆ. ಮೊಳಕೆ ಹಿಟ್ಟನ್ನೇ ಕುದಿಯುವ ನೀರಿಗೆ ಸುರಿದರೆ ಕಿಣ್ವ ಅಲ್ಲೇ ಸತ್ತಿತು. ಮೊಳಕೆ ಬಂದದ್ದನ್ನು ಘಮ್ಮೆನ್ನುವವರೆಗೆ ಹುರಿದರೂ ಅದೇ ಗತಿ.

ಸರಿಯಾದ ಕ್ರಮ: ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ಕೊಡವಿ ಹಿಟ್ಟು ಮಾಡಿಟ್ಟುಕೊಳ್ಳಿ. ಬೂಸಲು ಕಂಡ ರಾಶಿಯನ್ನು ಆರಿಸದೆ ಪೂರ್ತಿ ಎಸೆಯಿರಿ. ಗಂಜಿಯನ್ನು ಮಾಮೂಲಿ ರಾಗಿ ಅಥವಾ ಅಕ್ಕಿ ಹಿಟ್ಟಿನಲ್ಲಿ, ಬೇಳೆ ಹಿಟ್ಟು ಸೇರಿಸಿ, ಚಮಚ ನಿಲ್ಲುವಷ್ಟು ಗಟ್ಟಿ ಬೇಯಿಸಿ. ಒಲೆಯಿಂದಿಳಿಸಿ, ಕುದಿ ನಿಂತು ಇನ್ನೂ ಚೆನ್ನಾಗಿ ಬಿಸಿಯಿರುವಾಗ ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿ. ಐದು ನಿಮಿಷದಲ್ಲಿ ಕಣ್ಣೆದುರೇ ಸಡಿಲವಾಗುತ್ತದೆ. ಆಮೇಲೆ ಮತ್ತೆ ಒಂದು ಕುದಿ ಬರಿಸಿ, ಮೊಳಕೆಯೊಂದಿಗೆ ಬಂದ ಸೂಕ್ಷ್ಮಾಣು ಸಾಯಲಿ. ಕೊನೆಗೆ ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ, 45 ಕಿಲೋಕ್ಯಾಲರಿ ಸೇರಿತು.

ಮಾಡಿದ್ದನ್ನು ಆ ಹೊತ್ತಿಗೇ ಮುಗಿಸಿ. ಸಂಜೆಗೆಂದು ಫ್ಲಾಸ್ಕಿನಲ್ಲಿ ಉಗುರುಬೆಚ್ಚಗೆ ಇಟ್ಟರೆ ಮಗುವಿಗಿಂತ ಮೊದಲು ಅದನ್ನು ಉಣ್ಣುವುದು ಬ್ಯಾಕ್ಟೀರಿಯಾ.